ಹಡಗು ಮುಳುಗುವಾಗ ನಾನು ಸ್ಕೂಟರ್ ಸ್ಟ್ಯಾಂಡಿನಲ್ಲಿದ್ದೆ

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ. ನನಗೆ ಹೋದಲ್ಲೆಲ್ಲ ಎಬ್ಬಿಸುವವರು ಸಿಗುತ್ತಾರೆ. ಸಿನಿಮಾಕ್ಕೆ ಹೋಗಿ ಕೂತರೆ ಅದು ಮುಗಿಯುವ ಮುಂಚೆ ಯಾರಾದರೊಬ್ಬರು ನನ್ನನ್ನು ಕುರ್ಚಿಯಿಂದ ಎಬ್ಬಿಸಿಯೇ ತೀರುತ್ತಾರೆ. ಒಂದು ಸಲ ಎರಡು ಸಲ ಆದರೆ ಹೋಗಲಿ ಬಿಡು ಎನ್ನಬಹುದು. ಇದು ಮದುವೆಯಾದ ದಿನದಿಂದ ನಡೆದುಕೊಂಡು ಬಂದಿದೆ. ಹೇಳಿಕೊಂಡರೆ ಜನ ನಗುತ್ತಾರೆ. ನಗಲಿ. ನನಗಂತೂ ಈಗಲೂ ಮೈ ಉರಿಯುತ್ತದೆ.

ನಾನು ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವವಳು. ಮನೆ ಬಸವನಗುಡಿ. ಪೋರ್ಷನ್ ಮುಗಿದು ಬೆಲ್ ಹೊಡೆಯುವುದಕ್ಕೆ ಹತ್ತು ನಿಮಿಷ ಉಳಿದರೆ ಹುಡುಗಿಯರು "ಮಿಸ್, ಏನಾದ್ರೂ ಕಥೆ ಹೇಳಿ" ಎಂದು ಶುರುಮಾಡುತ್ತಾರೆ. ನಾನು ಹದಿನೈದು ವರ್ಷದಿಂದ ಒಂದೇ ಕಥೆ ಹೇಳುತ್ತಿದ್ದೆ. ಇದು ಮುಳುಗುವುದೇ ಇಲ್ಲ ಎಂದು ಜನ ನಂಬಿದ್ದ ಭಾರಿ ಹಡಗೊಂದು, ಮೊದಲ ಪ್ರಯಾಣದಲ್ಲೇ ಮಂಜುಗಡ್ಡೆಗೆ ತಾಗಿ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿದ ಕಥೆ. ಒಂದು ಹಳೆಯ ಪುಸ್ತಕದಲ್ಲಿ ಅರ್ಧ ಪುಟ ಓದಿದ್ದೆ, ಅಷ್ಟೇ ನನ್ನ ಬಂಡವಾಳ. ಕೊನೆಗೆ ಯಾರಾದರೂ ಹುಡುಗಿ ಎದ್ದು "ಮುಳುಗುವಾಗ ಹೇಗಿತ್ತು ಮಿಸ್?" ಎಂದು ಕೇಳಿಯೇ ಕೇಳುತ್ತಿದ್ದಳು. ಬೆಲ್ ಹೊಡೆದು ನನ್ನ ಮಾನ ಉಳಿಸುತ್ತಿತ್ತು.

ತೊಂಬತ್ತೆಂಟರಲ್ಲಿ ಅದೇ ಹಡಗಿನ ಮೇಲೆ ಇಂಗ್ಲಿಷ್ ಸಿನಿಮಾ ಬಂತು. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರೇ ನೋಡಿಕೊಂಡು ಬಂದು ಕಣ್ಣೊರೆಸಿಕೊಂಡರು. "ಅದೆಲ್ಲಾ ಬಿಡ್ರೀ, ಕೊನೇ ಇಪ್ಪತ್ತು ನಿಮಿಷ ನೋಡ್ಬೇಕು" ಎಂದರು. ನನಗೂ ಅಷ್ಟೇ ಬೇಕಾಗಿತ್ತು. ಕೊನೆಯ ಇಪ್ಪತ್ತು ನಿಮಿಷ.

೧. ಗಾಡಿ ತೆಗೆಯಬೇಕು

ನಮ್ಮ ಯಜಮಾನರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಕಾಫಿ ಬಿಟ್ಟರೆ ಚಟವಿಲ್ಲ, ಸ್ಕೂಟರ್ ಬಿಟ್ಟರೆ ಚಿಂತೆಯಿಲ್ಲ. ಮದುವೆಗೆ ಮುಂಚೆ ಒಂದು ಸಲ ಸಿನಿಮಾ ಬಿಟ್ಟಾಗ ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಯಾರೋ ಇವರ ಹೊಸ ಸ್ಕೂಟರಿನ ಮಡ್‌ಗಾರ್ಡ್ ಸೊಟ್ಟ ಮಾಡಿದರಂತೆ. ಅಂದಿನಿಂದ ಇವರು ಯಾವ ಸಿನಿಮಾವನ್ನೂ ಮುಗಿಯುವ ತನಕ ನೋಡಿಲ್ಲ. ಕ್ಲೈಮ್ಯಾಕ್ಸ್ ಹತ್ತಿರ ಬಂತು ಎಂದರೆ ಎದ್ದು ನಿಲ್ಲುತ್ತಾರೆ. "ಏಳು, ಗಾಡಿ ತೆಗೀಬೇಕು. ಆಮೇಲೆ ರಶ್ ಆಗತ್ತೆ."

ಹೀಗಾಗಿ ನಾನು ನೋಡಿದ ಸಿನಿಮಾಗಳಲ್ಲಿ ಯಾವ ಪ್ರೇಮಿಗಳಿಗೂ ಮದುವೆಯಾಗಿಲ್ಲ, ಯಾವ ಅಣ್ಣತಮ್ಮಂದಿರೂ ಒಂದಾಗಿಲ್ಲ. ಒಂದು ಕೊಲೆ ಸಿನಿಮಾದಲ್ಲಿ ಕೊಲೆಗಾರ ಮುಸುಕು ತೆಗೆಯಲು ಕೈ ಎತ್ತಿದ, ಇವರು ಗಾಡಿ ತೆಗೆಯಲು ಎದ್ದರು. ಆ ಮುಸುಕಿನೊಳಗೆ ಯಾರಿದ್ದರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಈ ಸಲ ಮಾತ್ರ ಮನೆಯಲ್ಲೇ ಖಂಡಿತವಾಗಿ ಹೇಳಿದೆ. "ನೋಡಿ, ನಾನು ಹಡಗು ಮುಳುಗೋದು ನೋಡ್ಬೇಕು. ಎಬ್ಬಿಸಬಾರದು."

"ಆಯ್ತು ಮಾರಾಯ್ತಿ" ಎಂದರು.

ಭಾನುವಾರದ ಮ್ಯಾಟಿನಿ, ಎಂ.ಜಿ. ರಸ್ತೆ ಕಡೆಯ ಥಿಯೇಟರು. ಎರಡು ವಾರ ಮುಂಚೆ ಅಡ್ವಾನ್ಸ್ ಬುಕಿಂಗ್ ಮಾಡಿಸಿದ ಟಿಕೆಟ್ಟು. ಹಡಗು ಹೊರಟಿತು, ಜನ ಕುಣಿದರು, ಉಂಡರು, ಪ್ರೀತಿಸಿದರು. ಮಂಜುಗಡ್ಡೆ ತಾಗಿತು. ನೀರು ಮೆಟ್ಟಿಲು ಹತ್ತಿತು. ನಾನು ಸೀಟಿನ ತುದಿಗೆ ಬಂದಿದ್ದೆ. ಹಡಗಿನ ಹಿಂಭಾಗ ಮೇಲೇಳತೊಡಗಿತು. ಅದರ ಜೊತೆಗೆ ನನ್ನ ಪಕ್ಕದಲ್ಲಿ ಇವರೂ ಮೇಲೆದ್ದರು.

"ಏಳು."

"ನೀವು ಮಾತು ಕೊಟ್ಟಿದೀರಿ!"

"ಮುಳುಗತ್ತೆ ಅಂತ ಗೊತ್ತಲ್ಲ, ಅದನ್ನೇನು ನೋಡೋದು? ತೊಂಬತ್ತು ವರ್ಷದ ಹಿಂದೇನೇ ಮುಳುಗಿದೆ. ನಾವಿಲ್ಲಿ ಕೂತ್ರೆ ತೇಲ್ಬಿಡತ್ತಾ?"

"ಪ್ಲಾಸಿ ಕದನ ಯಾರು ಗೆದ್ರು ಅಂತ್ಲೂ ಗೊತ್ತು. ಆದ್ರೂ ನಾನದನ್ನ ಮೂರು ಪೀರಿಯಡ್ ಪಾಠ ಮಾಡಲ್ವಾ?"

ಹಿಂದಿನಿಂದ ಯಾರೋ "ಶ್ಶ್" ಎಂದರು. ಮರ್ಯಾದೆಗೆ ಅಂಜಿ ಎದ್ದೆ. ಆ ಮರ್ಯಾದೆಯೇ ನನ್ನ ಬಾಳನ್ನು ಹಾಳು ಮಾಡಿದ್ದು.

ಹೊರಗೆ ಬಂದರೆ ಇವರ ಸ್ಕೂಟರು ಗೋಡೆಗೆ ಒತ್ತಿಕೊಂಡು ನಿಂತಿದೆ, ಮುಂದೆ ನಾಲ್ಕು ಸಾಲು ಗಾಡಿಗಳು. ತೆಗೆದುಕೊಡಬೇಕಾದ ಸ್ಟ್ಯಾಂಡಿನ ಆಸಾಮಿ ಪತ್ತೆಯಿಲ್ಲ. ಇವರು ಕೂಗಿದರು, ಹಾರ್ನ್ ಹೊಡೆದರು. ಒಳಗಿನಿಂದ ಜನರ ಚೀತ್ಕಾರ, ನೀರಿನ ಭೋರ್ಗರೆತ ಕೇಳಿಸುತ್ತಿತ್ತು. ಕಾಲು ಗಂಟೆಯಾದ ಮೇಲೆ ಆತ ಥಿಯೇಟರಿನ ಪಕ್ಕದ ಬಾಗಿಲಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಂದ.

"ಎಲ್ರೀ ಹೋಗಿದ್ರಿ?" ಎಂದು ಇವರು ರೇಗಿದರು.

"ಹಡಗು ಮುಳುಗೋ ಟೈಮ್ ಅಲ್ವಾ ಸಾರ್? ದಿನಾ ಆ ಟೈಮ್‌ಗೆ ಒಳಗೋಗ್ತೀನಿ" ಎಂದ ಆತ ಮೂಗು ಸೀಟಿ, ನನ್ನನ್ನು ನೋಡಿ ಕನಿಕರದಿಂದ ಕೇಳಿದ, "ಯಾಕಮ್ಮ, ಹುಷಾರಿರ್ಲಿಲ್ವಾ? ಅಂಥಾ ಟೈಮಲ್ಲಿ ಯಾರಾದ್ರೂ ಎದ್ದು ಬರ್ತಾರಾ?"

೨. ಅತ್ತೆಯವರ ತನಿಖೆ

ಯಜಮಾನರ ಜೊತೆ ಹೋಗಿದ್ದೇ ತಪ್ಪು ಎಂದುಕೊಂಡು ಬೇಸಿಗೆ ರಜೆಯಲ್ಲಿ ಅತ್ತೆಯವರನ್ನು ಹೊರಡಿಸಿದೆ. ಅವರಿಗೆ ಇಂಗ್ಲಿಷ್ ಬಾರದು, ಸ್ಕೂಟರೂ ಇಲ್ಲ. ಹಿಂದಿನ ವರ್ಷವಷ್ಟೇ ಕಾಶಿಗೆ ಹೋಗಿ ಗಂಗೆಯಲ್ಲಿ ದೋಣಿಯ ಮೇಲೆ ಕೂತು ಬಂದಿದ್ದರು. "ಹಡಗಿನ ಸಿನಿಮಾ" ಎಂದ ಕೂಡಲೇ ಮಡಿಸೀರೆ ಬಿಚ್ಚಿಟ್ಟು ಒಳ್ಳೆ ಸೀರೆ ಉಟ್ಟು ಹೊರಟರು. ಹಡಗು ಮುಳುಗುತ್ತದೆ ಎಂದು ನಾನು ಹೇಳಲಿಲ್ಲ. ಅವತ್ತು ಶುಕ್ರವಾರ ಎಂಬುದೂ ನನ್ನ ತಲೆಗೆ ಬರಲಿಲ್ಲ. ಅದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ.

ಮೊದಲರ್ಧ ಅತ್ತೆ ಊಟದ ಸೀನುಗಳನ್ನು ನೋಡುತ್ತಾ ಕೂತಿದ್ದರು. "ಇಷ್ಟು ಜನಕ್ಕೆ ಅಡುಗೆ ಯಾರು ಮಾಡ್ತಾರೇ?" ಎಂದು ಎರಡು ಸಲ ಕೇಳಿದರು. ಜನರನ್ನು ಸಣ್ಣ ದೋಣಿಗಳಿಗೆ ಹತ್ತಿಸಿ ಕೆಳಗಿಳಿಸುವ ದೃಶ್ಯ ಬಂದಾಗ ಸೆಟೆದು ಕೂತರು. ಆ ದೋಣಿಗಳು ಅರ್ಧ ಖಾಲಿ ಇರುವಾಗಲೇ ಇಳಿದು ಹೋದದ್ದು ಚರಿತ್ರೆಯಲ್ಲಿ ನಿಜವಾಗಿ ನಡೆದದ್ದೇ.

"ಅಯ್ಯೋ, ಅಷ್ಟೊಂದು ಜಾಗ ಇದೆಯಲ್ಲೇ!" ಅತ್ತೆಯ ದನಿ ಬಾಲ್ಕನಿಯ ಕೊನೆಯ ಸಾಲಿಗೂ ಮುಟ್ಟಿತು. "ಸ್ವಲ್ಪ ಒತ್ತಿ ಕೂತ್ಕೊಳೋಕೇನು ದೊಡ್ಡ ರೋಗ ಇವಕ್ಕೆ? ಮಾರ್ಕೆಟ್ ಬಸ್ಸಲ್ಲಿ ಇಬ್ಬರ ಸೀಟಲ್ಲಿ ನಾವು ಮೂರು ಜನ ಕೂರಲ್ವಾ? ಆ ಟೋಪಿಯವಳಿಗೆ ಹೇಳೇ, ಸರೀಲಿಕ್ಕೆ!"

"ನಾನು ಹೇಳಿದ್ರೆ ಕೇಳಿಸಲ್ಲ ಅತ್ತೆ, ಅದು ಸಿನಿಮಾ."

"ಮತ್ತೆ ಯಾರು ಹೇಳೋದು?"

ಮುಂದಿನ ಸಾಲಿನವರು ತಿರುಗಿ ನೋಡಿದರು. ಬೈಯುತ್ತಾರೇನೋ ಎಂದುಕೊಂಡೆ. "ಅಮ್ಮ ಹೇಳ್ತಿರೋದು ಸರಿ" ಎಂದು ತಿರುಗಿ ಕೂತರು.

ಜನ ನೀರಿಗೆ ಬೀಳತೊಡಗಿದಾಗ ಅತ್ತೆಗೆ ವಿಷಯ ಹೊಳೆಯಿತು. "ಏನೇ ಇದು, ಇವರೆಲ್ಲಾ ಸಾಯ್ತಾರಾ?" ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಶುಕ್ರವಾರ, ದೀಪ ಹಚ್ಚೋ ಹೊತ್ತಲ್ಲಿ ಹೆಣ ತೋರಿಸೋಕೆ ಕರ್ಕೊಂಡು ಬಂದಿದೀಯಾ ನನ್ನ? ಏಳು!" ಎಂದವರೇ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಎಪ್ಪತ್ತೆರಡು ವರ್ಷದ ಹೆಂಗಸಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ! ನನಗೆ ಅಳುವೇ ಬಂತು. ಬಾಗಿಲಲ್ಲಿದ್ದವನು, ಪಾಪ, ಸಿನಿಮಾ ಮನಸ್ಸಿಗೆ ತಟ್ಟಿದೆ ಎಂದುಕೊಂಡ.

ಆಟೋದಲ್ಲಿ ಅತ್ತೆ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಆಮೇಲೆ ಕೇಳಿದರು, "ಆ ಹಡಗು ಹೊರಟಿದ್ದು ಯಾವ ವಾರ?"

ಕೋಪ ಎಷ್ಟೇ ಇದ್ದರೂ ಚರಿತ್ರೆಯ ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಇರಲು ನನ್ನಿಂದಾಗದು. "ಬುಧವಾರ."

"ಎಷ್ಟು ಹೊತ್ತಿಗೆ?"

"ಮಧ್ಯಾಹ್ನ ಹನ್ನೆರಡಕ್ಕೆ."

ಅತ್ತೆ ನನ್ನ ತೊಡೆಯ ಮೇಲೆ ಹೊಡೆದರು. "ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ!"

ಆಟೋದವನು ಬ್ರೇಕ್ ಹಾಕಿ ಹಿಂದೆ ತಿರುಗಿದ. "ಕರೆಕ್ಟಾಗಿ ಹೇಳಿದ್ರಿ ಅಮ್ಮ. ಒಂದೂ ಮುಕ್ಕಾಲಿಗೆ ಹೊರಟಿದ್ರೆ ಏನೂ ಆಗ್ತಿರ್ಲಿಲ್ಲ." ಲಂಡನ್ನಿನಲ್ಲೂ ಅಮೆರಿಕದಲ್ಲೂ ದೊಡ್ಡ ದೊಡ್ಡವರು ಕೂತು ವಾರಗಟ್ಟಲೆ ವಿಚಾರಣೆ ಮಾಡಿದ ಕೇಸು. ಅದನ್ನು ಇವರಿಬ್ಬರೂ ಮಿನರ್ವ ಸರ್ಕಲ್ ದಾಟುವುದರೊಳಗೆ ಮುಗಿಸಿದರು.

ಮನೆಗೆ ಬಂದರೆ ಮುಂಬಾಗಿಲಿಂದ ಒಳಗೆ ಹೋಗುವ ಹಾಗಿಲ್ಲ. ಅಷ್ಟು ಸಾವು ನೋಡಿ ಬಂದಿದ್ದೇವಲ್ಲ! ಹಿತ್ತಲಿಂದ ಸುತ್ತಿ ಬಂದು, ಇಬ್ಬರೂ ತಣ್ಣೀರಿನಲ್ಲಿ ತಲೆಗೆ ಸ್ನಾನ. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಹೊರಗೆ ಬರುವ ಹೊತ್ತಿಗೆ ಯಜಮಾನರು ಆಫೀಸಿನಿಂದ ಬಂದರು. ನಮ್ಮಿಬ್ಬರ ಅವತಾರ ನೋಡಿ ಅವರ ಕೈಯಿಂದ ಬ್ಯಾಗ್ ಜಾರಿತು. "ಅಯ್ಯೋ, ಯಾರಮ್ಮ ಹೋಗ್ಬಿಟ್ರು?"

ಅತ್ತೆ ನಿಟ್ಟುಸಿರು ಬಿಟ್ಟರು. "ಒಬ್ಬರಾ ಇಬ್ಬರಾ? ಒಂದೂವರೆ ಸಾವಿರ ಜನ ಕಣೋ."

೩. ಎಂಬತ್ತು ಹುಡುಗಿಯರು, ಒಂದು ವಿಷಲ್

ಶಾಲೆ ಮತ್ತೆ ಶುರುವಾದಾಗ ಸಿನಿಮಾ ಇನ್ನೂ ಓಡುತ್ತಿತ್ತು. ನಾನೇ ಹೆಡ್‌ಮಿಸ್ಟ್ರೆಸ್ ಬಳಿ ಹೋಗಿ, ಇದು ಚರಿತ್ರೆ, ಹತ್ತನೇ ಕ್ಲಾಸಿನವರಿಗೆ ತೋರಿಸಬೇಕು ಎಂದು ವಾದಿಸಿದೆ. ನನ್ನ ಸ್ವಾರ್ಥ ನನಗೆ ಗೊತ್ತಿತ್ತು. ಆದರೆ ಶೈಕ್ಷಣಿಕ ಪ್ರವಾಸದಲ್ಲಿ ಯಾರೂ ಎಬ್ಬಿಸಲಾರರು ಎಂಬ ಧೈರ್ಯ.

ಹೆಡ್‌ಮಿಸ್ಟ್ರೆಸ್ ಒಪ್ಪಿದರು. ಜೊತೆಗೆ ಶಿಸ್ತಿಗೆಂದು ಪಿ.ಟಿ. ಮೇಡಂ ಅವರನ್ನೂ ಕಳಿಸಿದರು.

ಪಿ.ಟಿ. ಮೇಡಂ ಕತ್ತಿನಲ್ಲಿ ವಿಷಲ್ ಇಲ್ಲದೆ ಇದ್ದದ್ದನ್ನು ನಾನು ಕಂಡಿಲ್ಲ. ಥಿಯೇಟರಿನಲ್ಲಿ ಅವರು ಹುಡುಗಿಯರಿಗೆ ಸೂಚನೆ ಕೊಟ್ಟರು. "ಸಿನಿಮಾದಲ್ಲಿ ನೋಡಬಾರದ್ದು ಬಂದಾಗ ವಿಷಲ್ ಹೊಡೀತೀನಿ. ಎಲ್ಲರೂ ತಲೆ ಮಂಡಿ ಮೇಲಿಡಬೇಕು. ಎರಡನೇ ವಿಷಲ್‌ಗೆ ಎತ್ತಬೇಕು." ನಾಯಕ ನಾಯಕಿಯ ಹತ್ತಿರ ಬಂದ. ವಿಷಲ್! ಎಂಬತ್ತು ತಲೆಗಳು ಒಟ್ಟಿಗೆ ಕೆಳಗೆ ಹೋದವು. ನಮ್ಮ ಮುಂದಿನ ಸಾಲಿನಲ್ಲಿ ಹೆಂಡತಿಯ ಜೊತೆ ಕೂತಿದ್ದ, ನಮ್ಮ ಶಾಲೆಗೆ ಸಂಬಂಧವೇ ಇಲ್ಲದ ಹಿರಿಯರೊಬ್ಬರೂ ತಲೆ ಬಗ್ಗಿಸಿದರು. ಎರಡನೇ ವಿಷಲ್ ಬರುವ ತನಕ ಎತ್ತಲಿಲ್ಲ.

ಹೀಗೆ ಏಳೆಂಟು ವಿಷಲ್ ಆದ ಮೇಲೆ ಹಡಗು ಮಂಜುಗಡ್ಡೆಗೆ ತಾಗಿತು. ಇನ್ನು ವಿಷಲ್ಲಿಗೆ ಕೆಲಸವಿಲ್ಲ ಎಂದು ನಾನು ಕಾಲು ಮಡಿಸಿ ಕೂತೆ. ಹಡಗಿನಲ್ಲಿ ಗದ್ದಲ ಏಳತೊಡಗಿತು. ಜನ ಒಬ್ಬರ ಮೇಲೊಬ್ಬರು ಬಿದ್ದು ಓಡುತ್ತಿದ್ದರು. ಪಿ.ಟಿ. ಮೇಡಂ ಮುಖ ಸಿಂಡರಿಸಿದರು. "ಎಂಥಾ ಇನ್‌ಡಿಸಿಪ್ಲಿನ್ ನೋಡಿ" ಎಂದು ಗೊಣಗಿದರು. ಆಮೇಲೆ ಗಡಿಯಾರ ನೋಡಿಕೊಂಡರು.

"ಸಿನಿಮಾ ಬಿಟ್ಟ ಮೇಲೆ ಹೀಗೇ ನೂಕಾಟ ಆಗತ್ತೆ. ಮಕ್ಕಳನ್ನ ಮುಂಚೇನೇ ಕರ್ಕೊಂಡು ಹೋಗೋದು ಒಳ್ಳೇದು."

"ಮೇಡಂ, ದಮ್ಮಯ್ಯ, ಇನ್ನು ಇಪ್ಪತ್ತು ನಿಮಿಷ..."

ಉದ್ದನೆಯ ವಿಷಲ್ ಕೇಳಿಸಿತು. ಬರೀ ಅಭ್ಯಾಸಬಲದಿಂದ ಎಂಬತ್ತು ಹುಡುಗಿಯರು ಎದ್ದು ನಿಂತರು. ಎತ್ತರದ ಪ್ರಕಾರ ಸಾಲಾದರು. ಕುಳ್ಳಿಯರು ಮುಂದೆ, ಉದ್ದನೆಯವರು ಹಿಂದೆ, ತೋಳಿನಳತೆ ಅಂತರ. ಕತ್ತಲಿನಲ್ಲಿ, ಒಬ್ಬಳೂ ಎಡವದೆ, ನಾಲ್ಕು ನಿಮಿಷದಲ್ಲಿ ಥಿಯೇಟರ್ ಖಾಲಿ ಮಾಡಿ ಬಸ್ಸು ಹತ್ತಿದರು. ಬಸ್ಸಿನೊಳಗೆ ಎಂಬತ್ತು ಜನರೂ ಅಳಲು ಶುರುಮಾಡಿದರು. ನಾನೂ ಸೇರಿದರೆ ಎಂಬತ್ತೊಂದು.

ಆ ಸಂಜೆ ನನ್ನ ಕೋಪವನ್ನೆಲ್ಲ ಸ್ಟಾಫ್ ರೂಮಿನಲ್ಲಿ ತೋಡಿಕೊಂಡೆ. ವಿಜ್ಞಾನದ ಮೇಡಂ ಬಹಳ ಯೋಚಿಸಿ ಒಂದು ಮಾತು ಹೇಳಿದರು. "ಒಂದು ಲೆಕ್ಕಕ್ಕೆ ನೋಡಿದ್ರೆ, ನಮ್ಮ ಪಿ.ಟಿ. ಮೇಡಂ ಆ ಹಡಗಲ್ಲಿ ಇದ್ದಿದ್ರೆ ಒಬ್ಬರೂ ಸಾಯ್ತಿರ್ಲಿಲ್ಲ ಕಣ್ರೀ. ಮಂಜುಗಡ್ಡೆ ಕಾಣೋಕೆ ಮುಂಚೇನೇ ಎಲ್ಲರನ್ನೂ ಎತ್ತರದ ಪ್ರಕಾರ ಇಳಿಸಿಬಿಡ್ತಿದ್ರು."

೪. ಮೂರನೇ ಸಿ.ಡಿ.

ಐದಾರು ವರ್ಷ ಕಳೆಯಿತು. ಮನೆಗೆ ಸಿ.ಡಿ. ಪ್ಲೇಯರ್ ಬಂತು. ನನ್ನ ಗೊಣಗಾಟ ತಾಳಲಾರದೆ ಯಜಮಾನರು ಗಾಂಧಿ ಬಜಾರಿನ ಹಿಂದಿನ ರಸ್ತೆಯ ಅಂಗಡಿಯಿಂದ ಹಡಗಿನ ಸಿನಿಮಾ ಬಾಡಿಗೆಗೆ ತಂದರು. ಒಂದು ಡಬ್ಬಿಯಲ್ಲಿ ಮೂರು ಸಿ.ಡಿ. ಮೊದಲನೆಯದರಲ್ಲಿ ಹಡಗು ಹೊರಡುತ್ತದೆ, ಎರಡನೆಯದರಲ್ಲಿ ಮಂಜುಗಡ್ಡೆ ತಾಗುತ್ತದೆ, ಮೂರನೆಯದರಲ್ಲಿ ಮುಳುಗುತ್ತದೆ. ಮನೆಯಲ್ಲಿ ಸ್ಕೂಟರ್ ಸ್ಟ್ಯಾಂಡ್ ಇಲ್ಲ. ವಾರ ಮಂಗಳವಾರ. ಅತ್ತೆಗೂ ಮೊದಲೇ ಎಲ್ಲ ಹೇಳಿ ಒಪ್ಪಿಸಿದ್ದೆ.

ಎರಡನೇ ಸಿ.ಡಿ. ಮುಗಿಯಿತು. ಮೂರನೆಯದನ್ನು ನಾನೇ ಕೈಯಾರೆ ಹಾಕಿದೆ. ನಾದಸ್ವರ ಶುರುವಾಯಿತು.

ಪರದೆಯ ಮೇಲೆ ಒಂದು ತಾವರೆ ಅರಳಿ, ಅದರೊಳಗಿಂದ ಯಾರೋ ವಧೂವರರು ತಿರುಗುತ್ತಾ ಬಂದರು. ಆರತಕ್ಷತೆ. ಅಂಗಡಿಯವನು ಯಾರದೋ ಮದುವೆಯ ಕ್ಯಾಸೆಟ್ಟನ್ನೂ ಸಿ.ಡಿ. ಮಾಡಿಕೊಟ್ಟಿದ್ದ, ಅದರ ಮೂರನೇ ಭಾಗ ನಮ್ಮ ಡಬ್ಬಿಗೆ ಸೇರಿತ್ತು. ನಾನು ತೆಗೆಯಲು ಎದ್ದೆ.

"ಇರೇ, ತೆಗೀಬೇಡ" ಎಂದರು ಅತ್ತೆ. "ಹುಡುಗಿ ಲಕ್ಷಣವಾಗಿದಾಳೆ. ಆ ಸೀರೆ ಅಂಚು ನೋಡು."

"ಯಾರ ಮನೆ ಮದುವೇನೋ ಅತ್ತೆ!"

"ಇದ್ರೇನು? ಹೆಣ್ಣು ಒಪ್ಪಿಸೋದು ಬರಲಿ, ಆಮೇಲೆ ತೆಗಿ."

ಯಜಮಾನರು ಕುರ್ಚಿ ಮುಂದಕ್ಕೆಳೆದುಕೊಂಡರು. ಊಟದ ಪಂಕ್ತಿ ಬಂತು. "ಹೋಳಿಗೆಗೆ ತುಪ್ಪ ಕಮ್ಮಿ" ಎಂದು ತೀರ್ಪು ಕೊಟ್ಟರು. ನಾನು ಹೊಟ್ಟೆ ಉರಿದು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕತೊಡಗಿದೆ. ಯಾರೂ ಬಂದು ಏನು ಎಂದು ಕೇಳಲಿಲ್ಲ. ಹೆಣ್ಣು ಒಪ್ಪಿಸುವಾಗ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಯಜಮಾನರು ಕೊನೆಯಲ್ಲಿ "ಶುಭಂ" ಎಂದು ಬರುವ ತನಕ ಅಲ್ಲಾಡಲಿಲ್ಲ. ಜೀವಮಾನದಲ್ಲಿ ಅವರು ಕೊನೆಯ ತನಕ ನೋಡಿದ ಮೊದಲ ಚಿತ್ರ ಅದು.

ಮಾರನೇ ದಿನ ನಾನೇ ಡಬ್ಬಿ ಹಿಡಿದುಕೊಂಡು ಅಂಗಡಿಗೆ ಜಗಳಕ್ಕೆ ಹೋದೆ. ನಾನು ಬಾಯಿ ತೆರೆಯುವ ಮುಂಚೆ ಅಂಗಡಿಯವನೇ ಕೈ ಮುಗಿದ.

"ಮೇಡಂ, ನೀವಾದ್ರೂ ಬೈಬೇಡಿ. ಬೆಳಗ್ಗಿಂದ ಆ ಮದುವೆ ಮನೆಯವರು ನನ್ನ ಜೀವ ತಿಂದಿದಾರೆ. ತ್ಯಾಗರಾಜನಗರದವರು. ಬೀಗರನ್ನ ಊಟಕ್ಕೆ ಕರೆದು ಮದುವೆ ಸಿ.ಡಿ. ಹಾಕಿದಾರೆ. ಧಾರೆ ಆಯ್ತು, ಸಪ್ತಪದಿ ಆಯ್ತು. ಆರತಕ್ಷತೆ ಅಂತ ಮೂರನೇದು ಹಾಕಿದ್ರೆ ಹಡಗು ಎರಡು ತುಂಡಾಗಿ ಮುಳುಗ್ತಿದೆ. ಸೊಸೆ ಬಂದು ಒಂದು ತಿಂಗಳಾಗಿಲ್ಲ, ಇದೇನು ಅಪಶಕುನ ಅಂತ ಬೀಗಿತ್ತಿ ಹಾಸಿಗೆ ಹಿಡಿದಿದಾರಂತೆ."

ನನಗೆ ಬೀಗಿತ್ತಿಯ ಮೇಲೆ ಕನಿಕರ ಹುಟ್ಟಬೇಕಿತ್ತು, ಹುಟ್ಟಲಿಲ್ಲ. "ಮುಳುಗೋದನ್ನ ಪೂರ್ತಿ ನೋಡಿದ್ರಂತಾ?" ಎಂದು ಕೇಳಿದೆ.

"ಪೂರ್ತಿ ನೋಡಿದಾರೆ ಮೇಡಂ. ಆರತಕ್ಷತೆ ಮುಂದೆಲ್ಲಾದ್ರೂ ಬರಬಹುದು ಅಂತ ಕಾಯ್ಕೊಂಡು ಕೂತಿದ್ರಂತೆ."

೫. ಗುರುವಾರ

ಇದು ಇತ್ತೀಚಿನದು, ಯಜಮಾನರು ರಿಟೈರ್ ಆದ ವರ್ಷದ್ದು. ಮಲ್ಲೇಶ್ವರದ ಕಡೆಯ ಒಂದು ಹಳೆಯ ಥಿಯೇಟರಿನಲ್ಲಿ, ಮಾರ್ನಿಂಗ್ ಷೋಗೆ ಒಂದೇ ವಾರ ಹಡಗಿನ ಸಿನಿಮಾ ಎಂದು ಪೇಪರಿನಲ್ಲಿ ಸಣ್ಣ ಜಾಹೀರಾತು ಬಂತು. ನಾನು ನೋಡಿದ್ದು ಬುಧವಾರ. ಶುಕ್ರವಾರ ಸಿನಿಮಾ ಬದಲಾಗುತ್ತದೆ. ಉಳಿದದ್ದು ಗುರುವಾರ ಒಂದೇ.

ಈ ಸಲ ಯಾರಿಗೂ ಹೇಳಲಿಲ್ಲ. ಶಾಲೆಗೆ ರಜೆ ಹಾಕಿದೆ. ಮನೆಯಲ್ಲಿ "ಶಿಕ್ಷಕರ ತರಬೇತಿ ಇದೆ" ಎಂದು ಸುಳ್ಳು ಹೇಳಿದೆ. ಯಜಮಾನರು, "ಹೋಗ್ಬಾ. ನಾನೂ ಬ್ಯಾಂಕಿಗೆ ಹೋಗ್ಬೇಕು. ನವೆಂಬರ್ ಅಲ್ವಾ, ಬದುಕಿದೀನಿ ಅಂತ ಬರೆದುಕೊಡದೆ ಇದ್ರೆ ಪೆನ್ಷನ್ ನಿಲ್ಲಿಸ್ತಾರೆ" ಎಂದರು. ನಾನು ಎರಡು ಬಸ್ಸು ಬದಲಾಯಿಸಿ ಮಲ್ಲೇಶ್ವರ ಸೇರಿದೆ. ಐವತ್ತು ದಾಟಿದ ಮೇಲೆ ಮೊದಲ ಸಲ ಒಬ್ಬಳೇ ಥಿಯೇಟರಿನಲ್ಲಿ ಕೂತಿದ್ದೆ. ಭಯವೂ ಆಯಿತು, ಖುಷಿಯೂ ಆಯಿತು. ಬಾಲ್ಕನಿಯಲ್ಲಿ ಒಂದು ಐವತ್ತು ಅರವತ್ತು ಜನ. ನನ್ನ ಪಕ್ಕದಲ್ಲಿ ತರಕಾರಿ ಚೀಲ ಕಾಲಬುಡದಲ್ಲಿಟ್ಟುಕೊಂಡ ನನ್ನ ವಯಸ್ಸಿನದೇ ಒಬ್ಬ ಹೆಂಗಸು.

ಹಡಗು ಹೊರಟಿತು. ಮಂಜುಗಡ್ಡೆ ತಾಗಿತು. ಅರ್ಧ ಖಾಲಿ ದೋಣಿಗಳು ಹೋದವು. ನೀರು ಏರಿತು, ವಾದ್ಯದವರು ನುಡಿಸುತ್ತಲೇ ಇದ್ದರು. ಹಿಂಭಾಗ ಮೇಲೇಳತೊಡಗಿತು. ಯಾರೂ ನನ್ನನ್ನು ಎಬ್ಬಿಸಲಿಲ್ಲ! ಹತ್ತು ವರ್ಷ ಕಾದಿದ್ದ ಇಪ್ಪತ್ತು ನಿಮಿಷ ನನ್ನ ಕಣ್ಣ ಮುಂದೆ ಬಂದು ನಿಂತಿತ್ತು. ದೇವರಿಗೆ ಕೈ ಮುಗಿದೆ.

ಅದೇ ಹೊತ್ತಿಗೆ ಎರಡು ಸಾಲು ಮುಂದೆ ಯಾರೋ ಕರ್ಚೀಫಿನಲ್ಲಿ ಮೂಗು ಸೀಟಿದರು. ಒಂದು ಉದ್ದ, ಎರಡು ಗಿಡ್ಡ, ಕೊನೆಯಲ್ಲಿ ಒಂದು ಉಸಿರು. ಆ ಸದ್ದನ್ನು ನಾನು ಇಪ್ಪತ್ತೆಂಟು ವರ್ಷದಿಂದ ಬೆಳಗ್ಗೆ ಸಂಜೆ ಕೇಳಿದ್ದೇನೆ.

"ರೀ!" ಎಂದೆ.

ಆ ತಲೆ ಸೀಟಿನೊಳಗೆ ಕುಸಿಯಿತು. ನಾನು ಎದ್ದು, ಎರಡು ಸಾಲು ದಾಟಿ ಹೋಗಿ ಎದುರಿಗೆ ನಿಂತೆ. ಯಜಮಾನರೇ. ಕಣ್ಣು ಕೆಂಪಗಾಗಿ ಕೂತಿದ್ದಾರೆ.

"ಬ್ಯಾಂಕು ಇದೇನಾ?"

"ನಿನ್ನ ತರಬೇತಿ ಇದೇನಾ?"

"ನನ್ನ ಮಾತು ಬಿಡಿ. ಸೋಮವಾರ ಹಲ್ಲಿನ ಡಾಕ್ಟರ ಹತ್ರ ಹೋಗಿದ್ರಲ್ಲಾ?"

"ಇಲ್ಲಿಗೇ ಬಂದಿದ್ದೆ."

"ಮಂಗಳವಾರ ಕರೆಂಟ್ ಬಿಲ್ ಕಟ್ಟೋಕೆ?"

"ಅದೂ ಇಲ್ಲಿಗೇ."

"ನಿನ್ನೆ ನಿಮ್ಮ ಫ್ರೆಂಡಿಗೆ ಹುಷಾರಿಲ್ಲ ಅಂತ ಸೇಬು ತಗೊಂಡು ಹೋದ್ರಿ!"

"ಇಂಟರ್‌ವಲ್‌ನಲ್ಲಿ ನಾನೇ ತಿಂದೆ."

"ಅಂದ್ರೆ ಮೂರು ಸಲ! ಮೂರು ಸಲ ಮುಳುಗೋದು ನೋಡಿದೀರಿ, ನನಗೆ ಒಂದು ಮಾತು ಹೇಳಲಿಲ್ಲ!" ನನ್ನ ದನಿ ನನ್ನ ಹತೋಟಿ ಮೀರಿತ್ತು. ಬೆನ್ನ ಹಿಂದೆ ಹಡಗು ಮುರ ಮುರ ಎನ್ನುತ್ತಿತ್ತು. ಯಾರೋ "ಕೂತ್ಕೊಳ್ಳಿ ಅಮ್ಮ" ಎಂದರು. "ನೀವು ಸುಮ್ನಿರಿ" ಎಂದೆ. ಇವತ್ತು ಯಾವ ಮರ್ಯಾದೆಗೂ ಅಂಜುವವಳಲ್ಲ ನಾನು.

"ಯಾವ ಮುಖ ಇಟ್ಕೊಂಡು ಹೇಳಲಿ ಹೇಳು?" ಯಜಮಾನರು ಎದ್ದು ನಿಂತರು. "ಗಾಡಿ ರಿಪೇರಿಗೆ ಬಿಟ್ಟಿದ್ದೆ, ಬಸ್ಸಲ್ಲಿ ಬಂದೆ. ನೀನು ಇಷ್ಟು ವರ್ಷ ಯಾಕೆ ಗೋಳಾಡ್ತಿದೀಯಾ ನೋಡೇಬಿಡೋಣ ಅಂತ ಕೂತೆ. ಗಾಡಿ ಇಲ್ಲ ಅಂದ್ಮೇಲೆ ಏಳೋಕೆ ಕಾರಣಾನೇ ಇರ್ಲಿಲ್ಲ. ಮೊದಲನೇ ಸಲ ಕೊನೇ ತನಕ ನೋಡ್ದೆ. ಎಲ್ಲಾ ಕೊನೇಲೇ ಇತ್ತು ಕಣೇ! ಇಪ್ಪತ್ತೆಂಟು ವರ್ಷ, ಅದರಲ್ಲೇನಿದೆ ಅಂತ ನಿನ್ನ ಎಬ್ಬಿಸ್ಕೊಂಡು ಬಂದಿದೀನಲ್ಲಾ, ಅಂತ ಹೊಟ್ಟೆ ಕಿವುಚಿತು."

"ಹೊಟ್ಟೆ ಕಿವುಚಿ ಸೇಬು ತಿಂದ್ರಾ?"

ಎಲ್ಲೋ ಯಾರೋ ಕಿಸಕ್ಕನೆ ನಕ್ಕರು. ಟಾರ್ಚ್ ಹಿಡಿದುಕೊಂಡು ಬಂದ ಥಿಯೇಟರಿನವನು, ಸುಮ್ಮನಿರಿಸುವುದಕ್ಕೆ ಬಂದವನು, ಟಾರ್ಚ್ ಆರಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟ.

"ನಾಳೆ ನಿನ್ನ ಕರ್ಕೊಂಡು ಬರೋಣ ಅಂತಿದ್ದೆ. ಸತ್ಯವಾಗ್ಲೂ."

"ನಾಳೆ ಶುಕ್ರವಾರ! ಸಿನಿಮಾ ಬದಲಾಗತ್ತೆ! ನನ್ನ ಜೀವನದಲ್ಲಿ ಒಂದು, ಒಂದೇ ಒಂದು ಸಿನಿಮಾದ ಕೊನೆ ನೋಡ್ಬೇಕು ಅಂತ ಕೇಳಿದ್ದೆ ನಿಮ್ಮನ್ನ. ಸೀರೆ ಕೇಳಿದ್ನಾ? ಸರ ಕೇಳಿದ್ನಾ? ಮುಸುಕಿನ ಕೊಲೆಗಾರ ಯಾರು ಅಂತಾನಾದ್ರೂ ಕೇಳಿದ್ನಾ?"

"ಸಾರ್, ಸ್ವಲ್ಪ ಜೋರಾಗಿ ಮಾತಾಡಿ" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ನಿಮ್ಮದು ಕೇಳಿಸ್ತಿಲ್ಲ, ಮೇಡಂದು ಮಾತ್ರ ಕೇಳಿಸ್ತಿದೆ."

ನಾನು ಅವರಿಗೂ ಒಂದು ಉತ್ತರ ಕೊಡಲು ತಿರುಗಿದೆ. ಎಷ್ಟು ಹೊತ್ತು ಕೂಗಾಡಿದ್ದೆನೋ, ಅಷ್ಟರಲ್ಲಿ ಬಾಲ್ಕನಿಯ ದೀಪಗಳು ಹತ್ತಿಕೊಂಡವು. ಪರದೆ ಬೆಳ್ಳಗೆ ಖಾಲಿಯಾಗಿತ್ತು. ಹಡಗೂ ಇಲ್ಲ, ಸಮುದ್ರವೂ ಇಲ್ಲ. ನಾನು ನಿಂತಲ್ಲೇ ನಿಂತೆ. ಈ ಸಲ ನನ್ನನ್ನು ಯಾರೂ ಎಬ್ಬಿಸಿರಲಿಲ್ಲ, ನಾನೇ ಎದ್ದಿದ್ದೆ. ಆ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದು ಎಂದು ತಿಳಿಯಲಿಲ್ಲ.

ಯಜಮಾನರು ನನ್ನ ಸೀಟಿಗೆ ಹೋಗಿ ನನ್ನ ಬ್ಯಾಗ್ ತಂದುಕೊಟ್ಟರು. ತರಕಾರಿ ಚೀಲದ ಹೆಂಗಸೂ ಅವರ ಹಿಂದೆಯೇ ಬಂದರು. ನಾನು ನಾಚಿಕೆ ಬಿಟ್ಟು ಅವರನ್ನೇ ಕೇಳಿದೆ, "ನೀವಾದ್ರೂ ಹೇಳ್ರೀ, ಮುಳುಗುವಾಗ ಹೇಗಿತ್ತು?"

"ಯಾರಿಗ್ರೀ ಗೊತ್ತು? ನಾವೆಲ್ಲಾ ನಿಮ್ಮನ್ನೇ ನೋಡ್ತಾ ಇದ್ವಿ" ಎಂದು ಆಕೆ ಚೀಲ ಕೆಳಗಿಟ್ಟು ನನ್ನ ಕಿವಿಯ ಹತ್ತಿರ ಬಾಗಿದರು. "ಅದ್ಸರಿ, ಕೊನೇಲಿ ಲೈಟ್ ಹಾಕ್ಬಿಟ್ರಲ್ಲಾ, ನಿಮ್ಮ ಯಜಮಾನ್ರು ಸಾರಿ ಕೇಳಿದ್ರಾ ಇಲ್ವಾ?"